ಟಾರಿನ ಕಣ

ಸಂತೆಕೊಪ್ಪಲು, ಕೆ.ಆರ್. ಪೇಟೆ ತಾಲ್ಲೂಕು
18 ಡಿಸೆಂಬರ್ 1994

ಮುಸವ್ವಿರ್,

ಗೆದ್ದೆವು ಕಣಯ್ಯ. ಮೊದಲು ಅದನ್ನು ಬರೆದು ಆಮೇಲೆ ಉಳಿದದ್ದು ಬರೆಯುತ್ತೇನೆ.

ನೀನು ಲಾರಿ ಓಡಿಸಲು ಹುಬ್ಬಳ್ಳಿಗೆ ಹೋದಾಗ ನಮ್ಮೂರ ರಸ್ತೆ ಬರೀ ಗುಂಡಿ. ಈಗ ಅದು ರಾಜ್ಯ ಹೆದ್ದಾರಿ. ಹಸಿರು ತಲೆಯ ಮೈಲಿಗಲ್ಲು ನೆಟ್ಟಿದ್ದಾರೆ. ಟಾರು ನುಣ್ಣಗಿದೆ. ಆದರೆ ಅಗಲ ಮಾಡುವಾಗ ಎರಡೂ ಬದಿಯ ಕಣಗಳನ್ನು ತಿಂದುಹಾಕಿದರು. ಅಜ್ಜಂದಿರ ಕಾಲದಿಂದ ಸಗಣಿ ಸಾರಿಸಿ ಒಕ್ಕಣೆ ಮಾಡುತ್ತಿದ್ದ ನೆಲ ಅದು. ರಾಗಿಯನ್ನು ಇನ್ನೆಲ್ಲಿ ಒಕ್ಕಬೇಕು? ರಸ್ತೆಯ ಮೇಲೇ ಹರಡಿದೆವು. ಬಸ್ಸು, ಲಾರಿ ತುಳಿದುಕೊಂಡು ಹೋದರೆ ಎತ್ತು ಕಟ್ಟಿ ಗುಂಡು ಉರುಳಿಸುವ ಕೆಲಸವೇ ಇಲ್ಲ.

ಮೊನ್ನೆ ಇಂಜಿನಿಯರು ಇಬ್ಬರು ಪೊಲೀಸರನ್ನು ಕರೆದುಕೊಂಡು ತೆಗೆಸಲು ಬಂದ. ಬರುತ್ತಾನೆಂದು ನನಗೆ ಗೊತ್ತಿತ್ತು. ರಸ್ತೆ ಎಂದರೆ ಓಡಿಸುತ್ತಾರೆ. ಕಣ ಎಂದರೆ? ಅಪ್ಪನಿಗೆ ಹೇಳಿ ಟಾರಿನ ಮೇಲೆಯೇ ರಾಶಿ ಪೂಜೆ ಇಡಿಸಿದೆ. ಸಗಣಿಯ ಬೆನಕ, ಗರಿಕೆ, ಕರ್ಪೂರ, ಎಲ್ಲ. ಪೂಜೆಯಿಂದ ಹಿಡಿದು ಮೊದಲ ಮೊರ ಚೀಲಕ್ಕೆ ಬೀಳುವವರೆಗೂ ಕಣದಲ್ಲಿ ಯಾರೂ ಬಾಯಿ ಬಿಡುವಂತಿಲ್ಲ, ಬಿಟ್ಟರೆ ಹುಲುಸು ಹೋಗುತ್ತದೆ ಅನ್ನುತ್ತಾರಲ್ಲ, ಅದನ್ನೇ ಮಾಡಿದರು. ಅರ್ಧ ಊರು ಮೂಗರಂತೆ ನಿಂತಿತು. ಇಂಜಿನಿಯರು ಒಬ್ಬನೇ ಕೂಗಿದ. “ಯಾರ್ರೀ ಇದಕ್ಕೆ ಪರ್ಮಿಷನ್ ಕೊಟ್ಟೋರು? ಬಾಯಿಲ್ವೇನ್ರೀ ನಿಮಗೆ?” ಒಬ್ಬರೂ ಉಸಿರೆತ್ತಲಿಲ್ಲ. ಕೊನೆಗೆ ಪೇದೆಯ ಕಡೆ ತಿರುಗಿ “ಎಳೆದು ಹಾಕ್ರೀ ಇದನ್ನ” ಅಂದ. ಆ ಪೇದೆ ನಾಗಮಂಗಲದ ಕಡೆಯ ಒಕ್ಕಲು ಮಗ. ಬೂಟು ಬಿಚ್ಚಿಟ್ಟು ಹತ್ತಿರ ಹೋದ, ರಾಶಿಗೆ ಕೈಮುಗಿದ, ವಾಪಸ್ ಬಂದು ಸುಮ್ಮನೆ ನಿಂತುಬಿಟ್ಟ!

ನಾನು ಪೂಜೆ ನಂಬುವವನಲ್ಲ. ಆದರೆ ಜನರ ಕೈಯಲ್ಲಿ ಇರುವುದನ್ನೇ ಆಯುಧ ಮಾಡಿಕೊಳ್ಳಬೇಕು ಎಂದು ಓದಿದ್ದೇನೆ. ಅವತ್ತೇ ಕರಪತ್ರ ಬರೆದೆ: ‘ಕಣ ಕಸಿದವರೇ, ಇಗೋ ರಸ್ತೆಯೇ ನಮ್ಮ ಕಣ’. ಒಂದು ಪ್ರತಿ ಇದರ ಜೊತೆ ಇಟ್ಟಿದ್ದೇನೆ. ಮುಂದೆ ಹುರುಳಿ ಸುಗ್ಗಿ. ಪ್ರತಿ ರಾಶಿಗೂ ಹೀಗೇ ಮಾಡುತ್ತೇವೆ.

ನಿಮ್ಮ ಅಬ್ಬಾ ಟಿವಿಎಸ್ ಹಿಂದೆ ಬನ್ನು-ರಸ್ಕಿನ ಡಬ್ಬ ಕಟ್ಟಿಕೊಂಡು ಬಂದವರು ಬೇಕೆಂದೇ ಎರಡು ಸಲ ರಾಗಿಯ ಮೇಲೆ ಓಡಿಸಿದರು. ಅವ್ವ, “ವಜೀರಣ್ಣ, ನಿನ್ನ ಗಾಡಿ ತುಳುದ್ರೆ ಒಂದು ಕಾಳೂ ಉದ್ರಾಕಿಲ್ಲ ಬುಡು” ಅಂದಳು. “ಇರ್ಲಿ ಪುಟ್ಟಗೌರಮ್ಮ, ನಾನೂ ಒಂದು ಎತ್ತು ಅಂತ ತಿಳ್ಕೊ” ಅಂದರು.

ಹೋರಾಟದಲ್ಲಿ ನಿನ್ನವನು,
ಹೊನ್ನಪ್ಪ


ಹುಬ್ಬಳ್ಳಿ
29 ಡಿಸೆಂಬರ್ 1994

ಲೇ ಹೊನ್ನ,

ನಿನ್ನ ಕಾಗದ ನಮ್ಮ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಬಿದ್ದಿತ್ತು, ಇವತ್ತು ಕೈಗೆ ಬಂತು. ಪೇದೆ ಬೂಟು ಬಿಚ್ಚಿದ್ದನ್ನು ಡ್ರೈವರುಗಳಿಗೆಲ್ಲ ಓದಿ ಹೇಳಿದೆ. “ನಿಮ್ಮ ಗೆಳೆಯಾ ಭಾಳ ಶಾಣ್ಯಾ ಅದಾನ ಬಿಡೋ” ಎಂದು ಒಬ್ಬ ತೊಡೆ ತಟ್ಟಿಕೊಂಡ.

ಕಣ ಹೋಯಿತೆಂಬ ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ನೀವು ರಸ್ತೆ ಪಕ್ಕ ನಿಂತು ಬೆಳೆಯ ಮೇಲೆ ಗಾಡಿ ಹತ್ತಿಸಿ ಎಂದು ಕೈ ಬೀಸುತ್ತೀರಿ, ನಾವು ಹತ್ತಿಸುತ್ತೇವೆ. ಒಂಬತ್ತು ಗಂಟೆ ಬಸ್ಸಿನ ದ್ಯಾವಯ್ಯ ಮಾವನ ಕೈಕೆಳಗೆ ನಾನು ಕ್ಲೀನರ್ ಆಗಿದ್ದೆನಲ್ಲ, ಅವನು ಸ್ಟೇರಿಂಗ್ ಕೊಡುವ ಮೊದಲೇ ಕಲಿಸಿದ ಮಾತು ಅದು. “ಕೈ ಬೀಸುದ್ರೆ ಅತ್ತುಸ್ಬೇಕು ಕಣ್ಲಾ. ಅದು ಅವ್ರ ಅನ್ನ.”

ಆದರೆ ಹುರುಳಿ ಬೇರೆ. ರಾಗಿಯಲ್ಲಿ ಹುಲ್ಲಿರುತ್ತದೆ, ಚಕ್ರ ಹಿಡಿಯುತ್ತದೆ. ಹುರುಳಿ ಕಾಳು ಬೇರಿಂಗ್ ಗುಂಡು ಇದ್ದ ಹಾಗೆ. ಲಾರಿ ಹೇಗೋ ದಾಟುತ್ತದೆ, ಎರಡು ಚಕ್ರದ್ದು ದಾಟುವುದಿಲ್ಲ. ಹುರುಳಿ ಹರಡಿದ ಕಡೆ ಇಳಿದು ತಳ್ಳಿಕೊಂಡು ಹೋಗಿ ಎಂದು ಅಬ್ಬಾಗೆ ಹೇಳು. ನಾನು ಹೇಳಿದರೆ “ನಿಂಗೆ ಸೈಕಲ್ ಕಲಿಸಿದ್ದು ಯಾರಪ್ಪಾ?” ಅನ್ನುತ್ತಾರೆ. ನೀನು ಹೇಳಿದರೆ ಕೇಳುತ್ತಾರೆ. ಓದಿಕೊಂಡಿರೋನು ಎಂದು ನಿನ್ನ ಮೇಲೆ ಅವರಿಗೆ ಮರ್ಯಾದೆ. ಪಾಪ, ನೀನು ಓದುವುದು ಬರೀ ಕರಪತ್ರ ಎಂದು ಅವರಿಗೆ ಗೊತ್ತಿಲ್ಲ.

ನಾಳೆ ಹತ್ತಿ ಬೇಲು ತುಂಬಿಕೊಂಡು ಸೂರತ್ತಿಗೆ ಹೊರಡುತ್ತೇನೆ. ಸಂಕ್ರಾಂತಿ ಕಳೆದು ಎಷ್ಟೋ ದಿನದ ಮೇಲೆ ವಾಪಸ್.

ಮುಸವ್ವಿರ್


ಸಂತೆಕೊಪ್ಪಲು
10 ಜನವರಿ 1995

ಮುಸವ್ವಿರ್,

ನಿನ್ನೆ ನಿಮ್ಮ ಆಫೀಸಿಗೆ ತಂತಿ ಕೊಟ್ಟೆ. ನೀನು ಸೂರತ್ತಿನ ದಾರಿಯಲ್ಲಿದ್ದೀಯ ಎಂದು ಗೊತ್ತಿದ್ದೂ ಕೊಟ್ಟೆ. ನನ್ನ ಹತ್ತಿರ ಬೇರೆ ವಿಳಾಸವಿಲ್ಲ.

ನಿನ್ನೆ ಬೆಳಿಗ್ಗೆ ಒಂಬತ್ತು ಗಂಟೆ ಬಸ್ಸಿಗೆ ಸಿಕ್ಕಿ ಅಬ್ಬಾ ತೀರಿಹೋದರು. ಊರ ಮುಂದೆಯೇ, ಹೆದ್ದಾರಿಯ ತಿರುವಿನಲ್ಲಿ. ಇವತ್ತು ಮಣ್ಣು ಮಾಡಿದರು. ನೀನು ಬರುವವರೆಗೂ ಕಾಯಬೇಕೆಂದು ಅಮ್ಮಿ ಹಠ ಹಿಡಿದರು, ಹಿರಿಯರು ಒಪ್ಪಲಿಲ್ಲ. ನಿನ್ನ ತಂಗಿ ಫಿಜಾ ಅವರ ಜೊತೆಗಿದ್ದಾಳೆ.

ದ್ಯಾವಯ್ಯನನ್ನು ಪೊಲೀಸರು ಕರೆದುಕೊಂಡು ಹೋದರು. ಬಸ್ಸು ಜೋರಾಗಿ ಬಂತೆಂದು ಜನ ಹೇಳಿದ್ದಾರೆ.

ಬಾ.

ಹೊನ್ನಪ್ಪ


ಸೂರತ್
14 ಜನವರಿ 1995

ಲೇ ಹೊನ್ನ,

ಇಲ್ಲಿ ಬೇಲು ಇಳಿಸಲು ಆಳು ಸಿಗದೆ ಲಾರಿಯ ಕೆಳಗೆ ಚಾಪೆ ಹಾಸಿಕೊಂಡು ಬಿದ್ದಿದ್ದೇನೆ. ಆಕಾಶದ ತುಂಬ ಗಾಳಿಪಟ. ಇವರ ಸಂಕ್ರಾಂತಿ ಹೀಗೆ. ನನ್ನ ಪಾಲಿನ ಎಳ್ಳು-ಬೆಲ್ಲವನ್ನು ನಿಮ್ಮವ್ವ ಎಂದಿನಂತೆ ನಮ್ಮ ಮನೆಗೆ ಕೊಟ್ಟಿರಬೇಕು. ಅಬ್ಬಾ ಎಲ್ಲ ಕೊಬ್ಬರಿ ಆರಿಸಿ ತಿಂದಿರಬೇಕು.

ನಿನ್ನ ಕರಪತ್ರ ಮರಾಠಿಯಲ್ಲೂ ಓಡುತ್ತದೆ ಕಣೋ. ಧುಳೆಯ ಹತ್ತಿರ ರಸ್ತೆ ತುಂಬ ತೊಗರಿ ಹರಡಿದ್ದರು. ಒಬ್ಬಳು ಮುದುಕಿ ಎರಡೂ ಕೈ ಬೀಸಿ ಕರೆದಳು. ಹಿಂದೆ ಮುಂದೆ ಮೂರು ಸಲ ಓಡಿಸಿಕೊಟ್ಟೆ. ಒಂದು ಬೊಗಸೆ ಕಡಲೆಕಾಯಿ ತಂದು ಕಿಟಕಿಯಲ್ಲಿ ಸುರಿದಳು. ಅಬ್ಬಾ ಒಂದು ಎತ್ತಾದರೆ ನಾನು ಹತ್ತು ಜೋಡಿ ಎಂದು ಹೇಳು ಅವರಿಗೆ.

ಹುರುಳಿಯ ವಿಷಯ ಅವರಿಗೆ ಹೇಳಿದೆಯಾ? ಏನಂದರು? ಅವರ ಮಾತಿನಲ್ಲೇ ಬರಿ. ಓದಿ ನಗಬೇಕು.

ಮುಸವ್ವಿರ್


ಹುಬ್ಬಳ್ಳಿ
12 ಮಾರ್ಚ್ 1995

ಹೊನ್ನಪ್ಪನಿಗೆ,

ನಲವತ್ತನೇ ದಿನದ ಫಾತಿಹಾ ಮುಗಿಸಿ ಕೆಲಸಕ್ಕೆ ಬಂದಿದ್ದೇನೆ. ನಾನು ಊರಲ್ಲಿದ್ದಷ್ಟು ದಿನವೂ ನೀನು ನಮ್ಮ ಮನೆಗೆ ಬಂದೆ. ಅಂಗಳದಲ್ಲಿ ಕುರ್ಚಿ ಹಾಕಿದೆ, ಬಂದವರಿಗೆ ನೀರು ಕೊಟ್ಟೆ. ಏನನ್ನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಹೊರಡುವ ಮುಂಚೆ ಪಾಂಡವಪುರಕ್ಕೆ, ದ್ಯಾವಯ್ಯ ಮಾವನ ಮನೆಗೆ ಹೋಗಿದ್ದೆ. ಜಾಮೀನಿನ ಮೇಲೆ ಬಂದಿದ್ದಾನೆ. ಲೈಸೆನ್ಸು ಕಿತ್ತುಕೊಂಡಿದ್ದಾರೆ. ನನ್ನನ್ನು ನೋಡಿ ಎದ್ದು ನಿಂತ. “ಕೂತ್ಕೊ ಮಾವ” ಅಂದೆ. ಕೂರಲಿಲ್ಲ. “ಬ್ರೇಕ್ ತುಳುದೆ ಕಣ್ಲಾ. ನಿಲ್ನಿಲ್ಲ. ಚಕ್ರದ ಕೆಳಗೆ ಕಾಳಿತ್ತು” ಅಂದ.

ಪೊಲೀಸರು ಬರೆದುಕೊಂಡಿದ್ದರಲ್ಲಿ ಕಾಳಿನ ಮಾತೇ ಇಲ್ಲ. ಅವರು ಬರುವುದರೊಳಗೆ ಊರವರು ರಸ್ತೆ ಗುಡಿಸಿದ್ದರಂತೆ.

ನೀನು ಅಲ್ಲಿದ್ದೆಯಾ? ಏನು ನಡೆಯಿತು ಬರಿ. ಅದನ್ನೇ ಕೋರ್ಟಿನಲ್ಲಿ ಹೇಳು. ಅಬ್ಬಾ ಅಂತೂ ಹೋದರು. ಅವರ ಹೆಸರಿನಲ್ಲಿ ನನಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವನು ಜೈಲಿಗೆ ಹೋಗುವುದು ಬೇಡ.

ಮುಸವ್ವಿರ್


ಸಂತೆಕೊಪ್ಪಲು
2 ಏಪ್ರಿಲ್ 1995

ಮುಸವ್ವಿರ್,

ಅಲ್ಲಿದ್ದೆ.

ನಮ್ಮದೇ ಹುರುಳಿ. ಅರ್ಧ ರಸ್ತೆಗೆ ಇನ್ನೂ ಸೊಪ್ಪು ಹರಡಿತ್ತು, ಅಡಿಯಲ್ಲಿ ಉದುರಿದ ಕಾಳು. ತೂರಿದ ಕಾಳನ್ನು ಅಂಚಿನಲ್ಲಿ ರಾಶಿ ಮಾಡಿ ಅಪ್ಪ ಕರ್ಪೂರ ಹಚ್ಚಿದ್ದ. ಎಲ್ಲರೂ ಬಾಯಿ ಕಟ್ಟಿ ನಿಂತಿದ್ದೆವು. ಅವ್ವ ತಿರುವಿನ ತುದಿಯಲ್ಲಿದ್ದಳು. ಅಲ್ಲಿಂದ ಎರಡು ಕಡೆಯೂ ಕಾಣುತ್ತದೆ. ಒಂದು ಕಡೆಯಿಂದ ಅಬ್ಬಾ, ಇನ್ನೊಂದು ಕಡೆಯಿಂದ ಬಸ್ಸು. ಅವರಿಬ್ಬರೂ ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ.

ಅವ್ವ ಬಾಯಿ ಬಿಡಲಿಲ್ಲ. ಕೈ ಬೀಸಿದಳು. ನಿಲ್ಲು ಎಂದು ಬೀಸಿದಳು.

ಅಬ್ಬಾ ಬಾ ಎಂದು ತಿಳಿದರು. ದಿನವೂ ಕೈ ಬೀಸಿದರೆ ಅದೇ ಅರ್ಥವಲ್ಲವೇ? ನಕ್ಕು, ಬಲಗಡೆಗೆ ತಿರುಗಿಸಿ ಹುರುಳಿಯ ಮೇಲೆ ಹತ್ತಿಸಿದರು. ಗಾಡಿ ಜಾರಿತು. ದ್ಯಾವಯ್ಯ ಜೋರಾಗಿ ಬರಲಿಲ್ಲ. ಬ್ರೇಕ್ ಹಿಡಿದದ್ದನ್ನೂ ನೋಡಿದೆ. ಬಸ್ಸು ನಿಲ್ಲದೆ ಅಡ್ಡಡ್ಡ ಬಂತು.

ನಾನು ಎದುರಿಗೇ ಇದ್ದೆ. ಹುಲುಸು, ಪೂಜೆ ಯಾವುದನ್ನೂ ನಂಬದವನು. ನನಗೂ ಬಾಯಿ ಬರಲಿಲ್ಲ. ನಿನ್ನ ಡಿಸೆಂಬರಿನ ಕಾಗದ ಅಷ್ಟರಲ್ಲಿ ಬಂದಿತ್ತು. ಅಬ್ಬಾಗೆ ಹೇಳಿರಲಿಲ್ಲ. ಹೇಳಿದರೆ ನಮ್ಮ ಒಕ್ಕಣೆ ಅಪಾಯ ಎಂದು ನಾವೇ ಒಪ್ಪಿದಂತೆ ಆಗುತ್ತದೆ ಎಂದುಕೊಂಡಿದ್ದೆ.

ಕೋರ್ಟಿನ ವಿಷಯ. ಮನೆಯಲ್ಲಿ ಎತ್ತಿದೆ. ಅಪ್ಪ, “ನಿಮ್ಮವ್ವನ್ನ ಟೇಸನ್ಗೆ ಅತ್ತುಸ್ತೀಯೇನ್ಲಾ? ಅಂಗಾದ್ರೆ ನನ್ನೂ ಕಟ್ಕೊಂಡೋಗು” ಅಂದ. ಅದಕ್ಕೆ ನಾನು ಹೆದರುವುದಿಲ್ಲ. ಆದರೆ ಯೋಚಿಸು. ಕಾಳು ಇತ್ತೆಂದು ನಾನೇ ಹೇಳಿದರೆ, ಇಂಜಿನಿಯರು ಅದನ್ನೇ ಹಿಡಿದು ಊರಿನ ಎಲ್ಲರ ಮೇಲೂ ಕೇಸು ಹಾಕುತ್ತಾನೆ. ಕಣ ಕಸಿದ ಸರ್ಕಾರ ಸಾಚಾ ಆಗುತ್ತದೆ, ಕಣ ಕಳೆದುಕೊಂಡವರು ಕೊಲೆಗಾರರಾಗುತ್ತಾರೆ. ಇಷ್ಟು ದಿನ ಕಟ್ಟಿದ ಚಳವಳಿ ಒಡೆಯುತ್ತದೆ. ನಿಜವಾದ ಅಪರಾಧಿ ಈ ಹೆದ್ದಾರಿ. ಅದನ್ನು ಕಟಕಟೆಗೆ ತರುವ ದಾರಿ ಹುಡುಕೋಣ. ದ್ಯಾವಯ್ಯನಿಗೆ ವಕೀಲರನ್ನು ನಾನೇ ಗೊತ್ತು ಮಾಡಿಕೊಡುತ್ತೇನೆ.

ಹೊನ್ನಪ್ಪ


ಹುಬ್ಬಳ್ಳಿ
19 ಏಪ್ರಿಲ್ 1995

ಹೊನ್ನಪ್ಪ,

ಓದಿದೆ. ಹೆದ್ದಾರಿಯನ್ನು ಕಟಕಟೆಯಲ್ಲಿ ನಿಲ್ಲಿಸಲು ಆಗುವುದಿಲ್ಲ. ದ್ಯಾವಯ್ಯ ಮಾವನನ್ನು ನಿಲ್ಲಿಸಿದ್ದಾರೆ.

ನಿನ್ನ ತಾಯಿಯ ಮೇಲೆ ನನಗೆ ಸಿಟ್ಟಿಲ್ಲ. ನಿನ್ನ ಮೇಲೂ ಇಲ್ಲ. ಬರುತ್ತದೇನೋ ಎಂದು ಕಾದೆ, ಬರಲಿಲ್ಲ. ಗಾಡಿ ತೆಗೆಯುತ್ತೇನೆ, ಹೋಗುತ್ತೇನೆ, ಇಳಿಸುತ್ತೇನೆ, ಬರುತ್ತೇನೆ. ದಾರಿಯಲ್ಲಿ ಯಾರಾದರೂ ಕೈ ಬೀಸಿದರೆ ಹತ್ತಿಸುತ್ತೇನೆ. ಏನೂ ಅನಿಸುವುದಿಲ್ಲ.

ವಕೀಲರು ಬೇಡ, ಸಾಕ್ಷಿ ಬೇಕು. ಅದನ್ನು ಹೇಳುವವರೆಗೆ ನನಗೆ ಬರೆಯಬೇಡ.

ಮುಸವ್ವಿರ್


ಸಂತೆಕೊಪ್ಪಲು
24 ಜುಲೈ 1996

ಮುಸವ್ವಿರ್,

ನಿನ್ನೆ ಹೇಳಿದೆ.

ಚಳವಳಿಯನ್ನು ಉಳಿಸಲು ಬಾಯಿ ಮುಚ್ಚಿಕೊಂಡಿದ್ದೆನಲ್ಲ, ಉಳಿದದ್ದೇನೆಂದು ಬರೆಯುತ್ತೇನೆ. ಕಳೆದ ಸುಗ್ಗಿಯಲ್ಲಿ ಹುರುಳಿ ಹರಡಬೇಡಿ ಎಂದು ಮನೆಮನೆಗೆ ಹೋದೆ. “ಓದ್ವರ್ಸ ಆಕಿ ಅಂದೋನೂ ನೀನೆಯಾ, ಈ ವರ್ಸ ಬ್ಯಾಡ ಅನ್ನೋನೂ ನೀನೆಯಾ” ಎಂದು ನಕ್ಕರು. ಹರಡಿದರು. ನಮ್ಮ ಮನೆಯವರೂ ಹರಡಿದರು. ಪೂಜೆ ಮಾತ್ರ ಮಾಡಲಿಲ್ಲ. ತಪ್ಪೆಲ್ಲ ಪೂಜೆಯದು ಅನ್ನುವಂತೆ.

ಕೆ.ಆರ್. ಪೇಟೆ ಕೋರ್ಟಿನಲ್ಲಿ ದ್ಯಾವಯ್ಯ ಕಂಬಕ್ಕೆ ಒರಗಿ ನಿಂತಿದ್ದ. ನಾನು ಅವನ ಕಡೆಯ ಸಾಕ್ಷಿ ಎಂದು ತಿಳಿದು ನಮ್ಮೂರಿನಿಂದ ಬಂದವರು ಪಕ್ಕದ ಬೆಂಚಿಗೆ ಸರಿದರು. ಕಾಳು ಇತ್ತು, ಬಸ್ಸು ನಿಧಾನವಾಗಿಯೇ ಬಂತು, ಎರಡನ್ನೂ ಹೇಳಿದೆ. ಆಮೇಲೆ ಸರ್ಕಾರಿ ವಕೀಲರು ಎದ್ದರು.

“ಎದುರಿಗೇ ಇದ್ದೆ ಅಂತೀರಿ. ಕೂಗಿದ್ರಾ?”

“ಇಲ್ಲ.”

“ಯಾಕೆ?”

“ರಾಶಿ ಪೂಜೆ ನಡೀತಿತ್ತು.”

“ಪೂಜೆಗೂ ಕೂಗೋದಕ್ಕೂ ಏನ್ರೀ ಸಂಬಂಧ?” ಎಂದು ನಕ್ಕರು. ಬೆಂಚಿನಲ್ಲಿ ಕೂತಿದ್ದ ಒಕ್ಕಲು ಮಕ್ಕಳಲ್ಲಿ ಒಬ್ಬರೂ ನಗಲಿಲ್ಲ. ಬಾಯಿ ಬಿಡಬಾರದೆಂದು ಹೇಳಿದೆ. ಬಾಯಿ ಬಿಡದೆ ಕೈ ಬೀಸಿದರೆಂದೂ ಹೇಳಿದೆ. ಕೈ ಬೀಸಿದವರು ಯಾರು ಎಂದು ಜಡ್ಜ್ ಸಾಹೇಬರು ಕೇಳಿದರು. ನನ್ನ ತಾಯಿ, ಪುಟ್ಟಗೌರಮ್ಮ, ಅಂದೆ. ಟೈಪು ಮಾಡಿಕೊಂಡರು.

ಹೇಳಿದರೆ ಹಗುರವಾಗುತ್ತದೆ ಎಂದು ಎಲ್ಲೋ ಓದಿದ್ದೆ. ಹಾಗೇನೂ ಆಗಲಿಲ್ಲ. ಬಸ್ಸಿನಲ್ಲಿ ಊರಿಗೆ ಬಂದೆ. ಸುದ್ದಿ ನನಗಿಂತ ಮುಂಚೆ ಬಂದಿತ್ತು. ಅಪ್ಪ ಜಗಲಿಯಿಂದ ಎದ್ದು ಹೋದ. ಅವ್ವ ತಟ್ಟೆ ತಂದಳು. ಮುದ್ದೆ ಇಟ್ಟಳು. “ಸಾರು ಬುಡ್ಲಾ?” ಎಂದು ಕೇಳಿದಳು.

ದ್ಯಾವಯ್ಯ ಬಿಡುಗಡೆಯಾಗುತ್ತಾನೆ ಎನ್ನುತ್ತಾರೆ. ನೀನು ಹೇಳಿದ್ದನ್ನು ಮಾಡಿದ್ದೇನೆ. ಈಗಲಾದರೂ ಬರಿ.

ಹೊನ್ನಪ್ಪ


ಹುಬ್ಬಳ್ಳಿ
8 ಸೆಪ್ಟೆಂಬರ್ 1996

ಹೊನ್ನ,

ದ್ಯಾವಯ್ಯ ಮಾವ ಬಿಡುಗಡೆಯಾದ. ಲೈಸೆನ್ಸು ವಾಪಸ್ ಕೊಟ್ಟರಂತೆ. ಬಸ್ಸು ಹತ್ತುವುದಿಲ್ಲ ಎಂದು ಹೇಳಿಕಳಿಸಿದ್ದಾನೆ. ಅದು ಅವನಿಷ್ಟ. ನೀನು ಹೇಳಿದ್ದರಿಂದ ಅವನು ಮನೆಯಲ್ಲಿದ್ದಾನೆ.

ಕಳೆದ ವಾರ ಊರಿಗೆ ಬಂದು ಹೋದೆ. ನಿನ್ನನ್ನು ಕಾಣಲಿಲ್ಲ. ಕಾಣಬೇಕು ಅನಿಸಲಿಲ್ಲ, ಅದಕ್ಕೆ.

ನಿನಗೆ ಗೊತ್ತಿಲ್ಲದ್ದು ಒಂದಿದೆ. ನನಗೂ ಗೊತ್ತಿರಲಿಲ್ಲ. ನಾನು ಹೋದ ದಿನ ಸಂಜೆ ಅಮ್ಮಿ ಬಾಗಿಲಲ್ಲಿ ಕೂತು ರಸ್ತೆ ನೋಡುತ್ತಿದ್ದರು. ಯಾರು ಬರಬೇಕಿತ್ತು ಎಂದು ಕೇಳಿದೆ.

“ಪುಟ್ಟಗೌರಮ್ಮ. ತಿಂಗಳಾಯ್ತು, ಬರ್ತಾ ಇಲ್ಲ.”

ಅವಳ ಕೈ ನೋಡಿಯೇ ಅಬ್ಬಾ ಗಾಡಿ ಹತ್ತಿಸಿದ್ದು ಗೊತ್ತೇ ಎಂದು ಕೇಳಿಬಿಟ್ಟೆ.

“ಗೊತ್ತಿಲ್ದೆ ಏನು ಬೇಟಾ? ಮೂರನೇ ದಿನಾನೇ ಬಂದು ಹೇಳಿದ್ಲು. ‘ನಿಲ್ಲಿ ಅಂತ ಬೀಸ್ದೆ ಕಣವ್ವ, ಬಾ ಅಂತ ತಿಳ್ಕಂಬುಟ್ರು’ ಅಂದ್ಲು. ನಾನು ಹೋಗು ಅನ್ಲಿಲ್ಲ, ಇರು ಅನ್ಲಿಲ್ಲ. ಮಾರನೇ ದಿನಾನೂ ಬಂದ್ಲು. ನೀನು ಊರಲ್ಲಿದ್ದಷ್ಟು ದಿನ ಬರ್ಲಿಲ್ಲ, ನೀನು ಹೋದ್ಮೇಲೆ ಮತ್ತೆ ದಿನಾ ಬಂದ್ಲು. ಹೊಸ್ತಿಲ ಹತ್ರ ಕೂರೋದು, ದೀಪ ಹಚ್ಚೋ ಹೊತ್ತಿಗೆ ಎದ್ದು ಹೋಗೋದು. ಮಾಫ್ ಮಾಡು ಅಂತ ಅವಳು ಕೇಳಿಲ್ಲ, ಮಾಡಿದೀನಿ ಅಂತ ನಾನೂ ಅಂದಿಲ್ಲ. ಆದ್ರೆ ಬರ್ತಿದ್ಲು. ಈಗ ಕೋರ್ಟಲ್ಲಿ ಅವಳ ಹೆಸರು ಕೂಗಿ ಬಂದಿದಾನಂತಲ್ಲ ಮಗ, ಬೀದಿ ಪೂರಾ ಅವಳನ್ನೇ ನೋಡ್ತದೆ. ಹೆಂಗೆ ಬರ್ತಾಳೆ?” ಅಂದರು. ಆಮೇಲೆ, “ಆ ಹುಡುಗಂಗೆ ಹೋಗಿ ಹೇಳು ಅಂದೋರು ಯಾರಂತೆ?” ಎಂದು ಕೇಳಿದರು.

ಗೊತ್ತಿಲ್ಲ ಅಂದೆ.

ದ್ಯಾವಯ್ಯ ಮಾವನಿಗಾಗಿ ನಾನು ಕೇಳಿದ್ದು ಸರಿಯೇ. ಈಗಲೂ ಅದನ್ನೇ ಕೇಳುತ್ತೇನೆ. ಆದರೆ ಅಮ್ಮಿ ಬಾಗಿಲಲ್ಲೇ ಕೂತಿದ್ದಾರೆ.

ಮುಸವ್ವಿರ್


ಸಂತೆಕೊಪ್ಪಲು
25 ಸೆಪ್ಟೆಂಬರ್ 1996

ಮುಸವ್ವಿರ್,

ಅವ್ವ ಸಂಜೆ ಡೈರಿಗೆ ಹಾಲು ಹಾಕಿ ಅಲ್ಲೇ ಹೆಂಗಸರ ಜೊತೆ ಮಾತಾಡುತ್ತ ಕೂರುತ್ತಾಳೆ ಎಂದುಕೊಂಡಿದ್ದೆ. ಒಂದೂವರೆ ವರ್ಷ ಒಂದೇ ಮನೆಯಲ್ಲಿದ್ದೂ ಕೇಳಲಿಲ್ಲ.

ನಿನ್ನ ಕಾಗದವನ್ನು ಅವ್ವನಿಗೆ ಓದಿ ಹೇಳಿದೆ. ಹುರುಳಿ ಕೇರುತ್ತಿದ್ದಳು. ಮೊರ ನಿಲ್ಲಿಸಲಿಲ್ಲ. “ನಡಿಯವ್ವ, ನಾನೂ ಬತ್ತೀನಿ” ಅಂದೆ. “ಜನ ನೋಡ್ತಾರೆ ಕಣಪ್ಪ” ಅಂದಳು. ನೋಡಲಿ ಬಿಡು ಎಂದು ಭಾಷಣ ಶುರು ಮಾಡಿದೆ. “ನಿನ್ ಬಾಸಣ ಮಡಗ್ಲಾ ಅತ್ಲಾಗೆ” ಎಂದು ಎದ್ದು ಸೆರಗು ಹೊದ್ದುಕೊಂಡಳು.

ರಸ್ತೆಯ ಅಂಚಿನಲ್ಲಿ ಲಾರಿಗಳು ಹೋಗುವವರೆಗೂ ನಿಂತೆವು. ಅಂಗಡಿ ಮುಂದಿನವರೆಲ್ಲ ನೋಡಿದರು. ಒಬ್ಬ “ಏನ್ ಗೌರಕ್ಕ, ಸಾಕ್ಸಿ ಜೊತೇಲೇ ಕರ್ಕೊಂಡು ಒಂಟ್ಯಾ?” ಅಂದ. ಅವ್ವ ತಿರುಗಿ ನೋಡಲಿಲ್ಲ. ನಿಮ್ಮ ಮನೆಯ ಬಾಗಿಲು ತೆರೆದೇ ಇತ್ತು. ಅವ್ವ ಒಳಗೆ ಹೋದಳು. ನಾನು ಹೊರಗೆ ನಿಂತೆ. ಒಳಗೆ ಮಾತು ಕೇಳಿಸಲಿಲ್ಲ. ಹೋಗಲೋ, ಇರಲೋ ತಿಳಿಯಲಿಲ್ಲ. ಅಮ್ಮಿಗೆ ಹೇಳಬೇಕೆಂದು ಏನೇನೋ ಜೋಡಿಸಿಕೊಂಡು ಬಂದಿದ್ದೆ.

ಸ್ವಲ್ಪ ಹೊತ್ತಿನ ಮೇಲೆ ಅಮ್ಮಿ ಅಕ್ಕಿ ತೊಳೆದ ನೀರು ಚೆಲ್ಲಲು ಹೊರಗೆ ಬಂದರು. ಅಬ್ಬಾ ಹೋದ ದಿನದಿಂದ ಅವರು ನನ್ನ ಜೊತೆ ಮಾತಾಡಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಕೈ ಅಡ್ಡ ಹಿಡಿದರು.

“ನಾಳೆಯಿಂದ ನೀನು ಬರಬೇಡ. ಅವಳಿಗೆ ದಾರಿ ಗೊತ್ತು.”

ಹೊನ್ನಪ್ಪ